ಮೆಂತ್ಯ ಹುರಿಯುವಾಗ ಹೇಳಬೇಕಾದ ಮಾತು

ಮಾನ್ಯ ಓದುಗರಲ್ಲಿ ಮೊದಲಿಗೆ ಒಂದು ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಬರೆಯುತ್ತ ಹೋದಂತೆ ಸಾಲುಗಳು ಬಲಗಡೆಗೆ ಇಳಿಯುತ್ತವೆ. ಕಾಗುಣಿತದಲ್ಲಿ, ವಿಶೇಷವಾಗಿ ಒತ್ತಕ್ಷರಗಳಲ್ಲಿ, ಲೋಪದೋಷಗಳಿರುವ ಸಂಭವವಿದೆ. ಕಚೇರಿಯಲ್ಲಿದ್ದಷ್ಟು ಕಾಲ ನಾನು ಬರೆದುದನ್ನು ತಿದ್ದಲು ಮೇಲಿನವರೊಬ್ಬರು ಇರುತ್ತಿದ್ದರು, ಈಗ ಯಾರೂ ಇಲ್ಲ. ಆದುದರಿಂದ ತಪ್ಪುಗಳನ್ನು ಮನ್ನಿಸಿ ಮುಂದೆ ಓದಬೇಕೆಂದು ಪ್ರಾರ್ಥಿಸುತ್ತೇನೆ.

ಹಾಳೆಯ ನೆತ್ತಿಯಲ್ಲಿ ಉಲ್ಲೇಖ ಸಂಖ್ಯೆಯಿಲ್ಲದೆ ನಾನು ಬರೆಯುತ್ತಿರುವ ಮೊದಲ ಬರಹ ಇದು. ನಾನು ಪತ್ರವ್ಯವಹಾರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಅಲ್ಲಿ ವರ್ಣನೆಗೆ ಅವಕಾಶವಿರಲಿಲ್ಲ. ಮಾಡು ಸೋರಿ ಕಡತಗಳು ನೆನೆದರೆ ‘ಕಡತಗಳು ತೇವಗೊಂಡಿರುತ್ತವೆ’ ಎಂದು ಬರೆದು ಕಳುಹಿಸುತ್ತಿದ್ದೆವೇ ಹೊರತು, ಆ ಕೋಣೆಯ ಬಾಗಿಲು ತೆರೆದಾಗ ಮೂಗಿಗೆ ಏನು ಬಡಿಯಿತು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಹಾಗಿದ್ದ ನನಗೆ, ಬರೆಯುವವರು ವರ್ಣನೆಯ ಮಾತುಗಳಿಂದ ಓದುವವರನ್ನು ಹೇಗೆ ಹಿಡಿದು ಕೂರಿಸುತ್ತಾರೆ, ಒಂದೇ ಸಂಗತಿಯನ್ನು ಹೇಳುವ ಬಗೆ ಬದಲಾದರೆ ಅದರ ಭಾವವೂ ಏಕೆ ಬದಲಾಗುತ್ತದೆ ಎಂಬ ಕುತೂಹಲ ಹುಟ್ಟಿದ್ದು ನನ್ನ ಅತ್ತೆಯವರ ಮೂಗಿನಿಂದ. ಸದರಿ ಸಂಗತಿಯನ್ನು ಈ ಕೆಳಗೆ ನಿವೇದಿಸಿಕೊಳ್ಳುತ್ತೇನೆ.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಅತ್ತೆಯವರ ತವರಿನವರು ಕಾಟನ್‌ಪೇಟೆಯಲ್ಲಿ ಕಾಳು, ಸಂಬಾರ ಪದಾರ್ಥಗಳ ಸಗಟು ವ್ಯಾಪಾರ ಮಾಡುತ್ತಿದ್ದವರು. ಅತ್ತೆಯವರು ಬೆಳೆದದ್ದು ಮೂಟೆಗಳ ನಡುವೆ. ಮೆಣಸಿನ ಮೂಟೆಯನ್ನು ಬಿಚ್ಚದೆ, ಹೊಲಿಗೆಯ ಸಂದಿಗೆ ಮೂಗು ಹಿಡಿದು, ಇದು ಹೋದ ವರ್ಷದ ಮಾಲು ಎಂದು ಹೇಳಬಲ್ಲವರಾಗಿದ್ದರಂತೆ. ನಾನು ಸೊಸೆಯಾಗಿ ಬಂದ ಮೇಲೆ ನೋಡಿದ್ದು ಅವರ ಸಾರಿನ ಪುಡಿಯನ್ನು. ಪ್ರತಿ ವರ್ಷ ಶಿವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ, ವರ್ಷಕ್ಕಾಗುವಷ್ಟು ಪುಡಿಗೆ ಸಾಮಾನು ಹುರಿಯುವುದು ಮನೆಯ ಪದ್ಧತಿ. ಅಳತೆ ಬಟ್ಟಲಿನಲ್ಲಿತ್ತು, ಆದರೆ ಎಷ್ಟು ಹುರಿಯಬೇಕೆಂಬುದು ಅವರ ಮೂಗಿನಲ್ಲಿ ಮಾತ್ರ ಇತ್ತು. ಗಡಿಯಾರ ನೋಡುತ್ತಿರಲಿಲ್ಲ, ಬಣ್ಣವನ್ನೂ ನಂಬುತ್ತಿರಲಿಲ್ಲ. ‘ಬಣ್ಣ ಬೆಳಕಿಗೆ ತಕ್ಕ ಹಾಗೆ ಸುಳ್ಳು ಹೇಳುತ್ತೆ’ ಎನ್ನುತ್ತಿದ್ದರು. ಆ ಪುಡಿಯಲ್ಲಿ ಒಂದು ಡಬ್ಬಿ ಮಲ್ಲೇಶ್ವರದಲ್ಲಿರುವ ಅವರ ತಂಗಿಗೆ ಹೋಗಲೇಬೇಕು. ನಾನು ಅವರನ್ನು ಚಿಕ್ಕತ್ತೆ ಎಂದು ಕರೆಯುತ್ತೇನೆ.

ಎರಡು ವರ್ಷದ ಕೆಳಗೆ ಒಂದು ಜ್ವರ ಬಂದು ಹೋಯಿತು. ಜ್ವರ ಹೋದ ಮೇಲೆ ಅತ್ತೆಯವರ ಮೂಗು ಸುಮ್ಮನಾಯಿತು. ಇದು ನಮಗೆ ತಿಳಿದದ್ದು ಹೇಗೆಂದರೆ, ಅವರು ಅಡುಗೆಮನೆಯಲ್ಲೇ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಹಾಲಿನ ಪಾತ್ರೆ ತಳ ಹಿಡಿದು, ಹೊಗೆ ಹಜಾರದವರೆಗೆ ಬಂತು. ಓಡಿ ಬಂದ ನನ್ನ ಯಜಮಾನರನ್ನು ನೋಡಿ ಅವರು ‘ಏನಾಯ್ತೋ?’ ಎಂದು ಕೇಳಿದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯವಿತ್ತು. ಆಮೇಲೆ ಕೈಯಲ್ಲಿದ್ದ ಅವರೆಕಾಯಿಯನ್ನು ಮೂಗಿನ ಬಳಿ ಹಿಡಿದರು, ಅದನ್ನು ಬಿಟ್ಟು ಸೆರಗನ್ನು ಹಿಡಿದರು, ಸೆರಗನ್ನು ಬಿಟ್ಟು ಅಂಗೈಯನ್ನು ಹಿಡಿದರು. ಆ ದಿನದಿಂದ ಒಲೆಯ ಮುಂದೆ ಬರುವುದನ್ನು ನಿಲ್ಲಿಸಿದರು.

ಉಪ್ಪು, ಹುಳಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು; ಮಿಕ್ಕದ್ದೆಲ್ಲ ಒದ್ದೆ ರಟ್ಟು ಅಗಿದ ಹಾಗೆ ಎನ್ನುತ್ತಿದ್ದರು. ಊಟ ಮೊಸರನ್ನಕ್ಕೆ ಇಳಿಯಿತು, ಅದೂ ದಿನದಿನಕ್ಕೆ ಕಿರಿದಾಯಿತು. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆಗಳು ಕೈ ಎತ್ತಿದರೆ ಮೊಣಕೈಯವರೆಗೆ ಜಾರತೊಡಗಿದವು. ವೈದ್ಯರು, ಮೂಗು ಮರಳಬಹುದು, ಮರಳದೆಯೂ ಇರಬಹುದು, ಪರಿಚಿತ ವಾಸನೆಗಳನ್ನು ದಿನವೂ ಮೂಗಿನ ಬಳಿ ಹಿಡಿದು ನೆನಪು ಮಾಡಿಕೊಳ್ಳಲಿ ಎಂದರು. ನನ್ನನ್ನು ಪಕ್ಕಕ್ಕೆ ಕರೆದು, ಮೊದಲು ಅವರು ಊಟ ಮಾಡುವಂತೆ ನೋಡಿಕೊಳ್ಳಿ, ಈ ವಯಸ್ಸಿನಲ್ಲಿ ಇಳಿದ ಮೈ ಮತ್ತೆ ಏರುವುದು ಕಷ್ಟ ಎಂದು ಎಚ್ಚರಿಸಿದರು. ನಮ್ಮ ಮನೆಯ ಎಲ್ಲ ಚಿಂತೆಯೂ ಅಂದಿನಿಂದ ಅವರ ತಟ್ಟೆಯ ಸುತ್ತ ತಿರುಗಿತು.

ಊಟಕ್ಕೆ ಕುಳಿತಾಗ ಅತ್ತೆಯವರು ನನ್ನನ್ನು ಕೇಳುತ್ತಿದ್ದರು: ಸಾರು ಹೇಗಾಗಿದೆ? ನಾನು ಚೆನ್ನಾಗಿದೆ ಎನ್ನುತ್ತಿದ್ದೆ. ಒಮ್ಮೆ, ಅಭ್ಯಾಸಬಲದಿಂದ, ತೃಪ್ತಿಕರವಾಗಿದೆ ಎಂದುಬಿಟ್ಟೆ.

‘ಇದೇನು ಸಾರೋ, ನಿಮ್ಮ ಆಫೀಸಿನ ರಿಪೋರ್ಟೋ?’ ಎಂದರು ಅತ್ತೆ. ‘ಚೆನ್ನಾಗಿದೆ ಅಂದ್ರೆ ನನಗೇನೇ ಸಿಕ್ತು? ಎಲ್ಲಕ್ಕೂ ಘಮ್ ಅಂತಿದೆ ಅಂತೀಯ. ಮೆಂತ್ಯಾನೂ ಘಮ್, ಜೀರಿಗೆನೂ ಘಮ್, ಊದುಬತ್ತಿನೂ ಘಮ್. ಯಾವುದು ಯಾವುದು ಅಂತ ನಾನು ಹೇಗೆ ತಿಳ್ಕೊಳ್ಳಲಿ?’

ತಟ್ಟೆ ಸರಿಸಿ ಎದ್ದು ಹೋದರು. ನನಗೆ ಬೇಸರಕ್ಕಿಂತ ಹೆಚ್ಚಾಗಿ ಯೋಚನೆ ಹತ್ತಿತು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನನ್ನ ನಾಲಿಗೆಯ ಮೇಲಿರುವುದನ್ನು ಅವರ ಕಿವಿಗೆ ದಾಟಿಸಬೇಕು. ಅದಕ್ಕೆ ನನ್ನ ಬಳಿ ಇದ್ದ ಪದಗಳು ಎರಡೋ ಮೂರೋ.

ಆಮೇಲೊಂದು ಮಧ್ಯಾಹ್ನ ಹುಣಸೆಹಣ್ಣು ಮಿತಿಮೀರಿತ್ತು. ನಾನು ನನ್ನಷ್ಟಕ್ಕೇ ಗೊಣಗುತ್ತ, ಈ ಸಾರಿಗೆ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ, ಕಿವಿಯ ಹಿಂದೆ ಯಾರೋ ಹಿಂಡಿದ ಹಾಗಿದೆ ಎಂದೆ. ಅತ್ತೆಯವರು ನಕ್ಕರು. ನಕ್ಕು, ಬರಿಯ ಮೊಸರನ್ನದ ಪಕ್ಕಕ್ಕೆ ಒಂದು ಸೌಟು ಸಾರು ಬಡಿಸಲು ಹೇಳಿದರು. ನಾನು ಸಾರನ್ನು ಹೊಗಳಿರಲಿಲ್ಲ, ತೆಗಳಿದ್ದೆ. ಆದರೂ ಅವರು ಉಂಡರು. ಅದೇಕೆ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ.

ಪತ್ರ ಬರೆಯಲು ಬಾರದಿದ್ದರೆ ಹಳೆಯ ಪತ್ರಗಳನ್ನು ನೋಡಿ ಕಲಿಯುವುದು ನಮ್ಮ ವಿಭಾಗದ ಕ್ರಮ. ಅದೇ ಕ್ರಮವನ್ನು ಅನುಸರಿಸಿ, ವರ್ಣನೆ ಕಲಿಯಲು ಕಥೆ, ಕಾದಂಬರಿಗಳನ್ನು ನೋಡಲು ಹೊರಟೆ. ಗಾಂಧಿ ಬಜಾರಿಗೆ ತರಕಾರಿಗೆ ಹೋದಾಗಲೆಲ್ಲ ಪುಸ್ತಕದಂಗಡಿಯಲ್ಲಿ ನಿಂತು, ಊಟದ ಸಂದರ್ಭ ಎಲ್ಲಿ ಬರುತ್ತದೆಂದು ಹುಡುಕಿ ಓದುತ್ತಿದ್ದೆ. ಅಂಗಡಿಯವರು, ಅಡುಗೆ ಪುಸ್ತಕಗಳು ಆ ಕಡೆ ಇವೆ ಮೇಡಂ ಎಂದು ಎರಡು ಸಲ ದಾರಿ ತೋರಿಸಿದರು. ಸಂಕೋಚದಿಂದ ನಾಲ್ಕಾರು ಪುಸ್ತಕ ಕೊಂಡು ತಂದೆ.

ಓದುತ್ತ ಹೋದಂತೆ ವಿಚಿತ್ರವೊಂದು ಕಂಡಿತು. ಒಂದು ಕಾದಂಬರಿಯಲ್ಲಿ ಮದುವೆಯ ಊಟದ ವರ್ಣನೆ ಪುಟಗಟ್ಟಲೆ ಇತ್ತು. ಪ್ರತಿ ಭಕ್ಷ್ಯಕ್ಕೂ ಎರಡೆರಡು ವಿಶೇಷಣ. ಓದಿ ಮುಗಿಸಿದಾಗ ನನಗೆ ಹಸಿವೂ ಆಗಲಿಲ್ಲ, ಬಾಯಲ್ಲಿ ನೀರೂ ಬರಲಿಲ್ಲ. ಇನ್ನೊಂದು ಕಥೆಯಲ್ಲಿ ಅಡುಗೆಯ ಹೆಸರೇ ಇಲ್ಲ. ಜಗಳವಾಡಿ ಮನೆ ಬಿಟ್ಟು ಹೊರಟವನೊಬ್ಬ ಒಗ್ಗರಣೆಯ ಸದ್ದಿಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುವುದನ್ನು ತಡ ಮಾಡುತ್ತಾನೆ, ಅಷ್ಟೆ. ನಾನು ಪುಸ್ತಕ ಮಗುಚಿ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಚಕ್ಕುಲಿ ತೆಗೆದುಕೊಂಡೆ. ಇವೆರಡರ ವ್ಯತ್ಯಾಸವೇನೆಂದು ಆಗ ನನಗೆ ಸ್ಪಷ್ಟವಾಗಲಿಲ್ಲ. ಪುಟಗಟ್ಟಲೆ ಬರೆದವರೇ ಹೆಚ್ಚು ಕಷ್ಟಪಟ್ಟಿದ್ದಾರೆಂದು ಭಾವಿಸಿ, ಅವರ ದಾರಿಯನ್ನೇ ಹಿಡಿದೆ.

ಆಗ ಒಂದು ಪರೀಕ್ಷೆಯನ್ನೂ ಮಾಡಿದೆ. ಒಂದೇ ಬಗೆಯ ಹೆಸರುಬೇಳೆ ಕೋಸಂಬರಿಯನ್ನು ಬೇರೆ ಬೇರೆ ದಿನ ಬೇರೆ ಬೇರೆ ದನಿಯಲ್ಲಿ ಬಡಿಸಿದೆ. ಮೊದಲ ದಿನ, ಉಪ್ಪು ಕಡಿಮೆಯಾಯಿತೇನೋ, ಬೇಳೆ ಇನ್ನೂ ನೆನೆಯಬೇಕಿತ್ತೇನೋ ಎಂದು ಅಳುಕುತ್ತ ಹೇಳಿದೆ, ಅವರು ಮುಟ್ಟಲಿಲ್ಲ. ಇನ್ನೊಂದು ದಿನ, ಸೌತೆಕಾಯಿ ಹಲ್ಲಿಗೆ ಸಿಕ್ಕಾಗಲೆಲ್ಲ ಬಾಯೊಳಗೆ ಕಿಟಕಿ ತೆರೆದ ಹಾಗಿದೆ ಎಂದೆ, ಬಟ್ಟಲು ಖಾಲಿಯಾಯಿತು. ಬೇಳೆ ಅದೇ, ಉಪ್ಪು ಅದೇ. ನನ್ನ ದನಿ ಕೋಸಂಬರಿಗಿಂತ ಮುಂಚೆಯೇ ಅವರ ಬಾಯಿಗೆ ಹೋಗಿ ಕುಳಿತಿತ್ತು. ಇದರಿಂದ ಉಬ್ಬಿ, ಮುಂದಿನ ದಿನಗಳಲ್ಲಿ ಪಲ್ಯಕ್ಕೂ ತೊವ್ವೆಗೂ ಮಾತಿನ ಹಾರ ಹಾಕತೊಡಗಿದೆ. ಅದು ನಡೆಯಲಿಲ್ಲ. ‘ಲಗ್ನಪತ್ರಿಕೆ ಓದಿದ ಹಾಗಿದೆ ಕಣೇ’ ಎಂದು ಅತ್ತೆ ಆಕಳಿಸಿದರು. ಯಜಮಾನರು ತಟ್ಟೆಯಿಂದ ತಲೆ ಎತ್ತದೆ, ಪಲ್ಯ ಆರಿಹೋಗುತ್ತಿದೆ, ವರದಿಯನ್ನು ಬೇಗ ಮಂಡಿಸಿದರೆ ಉಪಕಾರ ಎಂದರು.

ಈ ಮಧ್ಯೆ ಶಿವರಾತ್ರಿ ಕಳೆಯಿತು. ಹೋದ ವರ್ಷ ಪುಡಿ ಮಾಡಿರಲಿಲ್ಲ. ಹಳೆಯ ಪುಡಿಯಲ್ಲೇ ತಳ್ಳಿದ್ದೆವು. ಈ ಸಲ ಚಿಕ್ಕತ್ತೆಯವರು ಫೋನ್ ಮಾಡಿ, ಅಕ್ಕ ಶ್ರಮಪಡುವುದು ಬೇಡ, ಇಲ್ಲೇ ಒಂದು ಪ್ಯಾಕೆಟ್ ಕೊಂಡಿದ್ದೇನೆ, ಪರವಾಗಿಲ್ಲ ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಅತ್ತೆಯವರು ಸರಿ ಎಂದು ಫೋನ್ ಇಟ್ಟರು. ಆ ದಿನ ಮೊಸರನ್ನವನ್ನೂ ಅರ್ಧಕ್ಕೆ ಬಿಟ್ಟರು. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

‘ದಪ್ಪ ಬಾಣಲೆ ಇಳಿಸು. ಕೈ ನನ್ನದು, ಮೂಗು ನಿನ್ನದು. ಬಾಯಿ ಬಿಟ್ಟು ಸರಿಯಾಗಿ ಹೇಳಬೇಕು.’

ಇದು ಪುಡಿಯ ಪ್ರಶ್ನೆಯಷ್ಟೇ ಅಲ್ಲ ಎಂದು ನನಗೆ ತಿಳಿದಿತ್ತು. ಇದು ಸರಿಹೋದರೆ ಅವರು ಒಲೆಗೆ ಮರಳುತ್ತಾರೆ, ಒಲೆಗೆ ಮರಳಿದರೆ ತಟ್ಟೆಗೂ ಮರಳುತ್ತಾರೆ. ಕೆಟ್ಟರೆ ಮತ್ತೆ ಕೇಳುವವರಲ್ಲ.

ಧನಿಯ ಹೇಗೋ ದಾಟಿತು. ಮೆಂತ್ಯ ಬಾಣಲೆಗೆ ಬಿತ್ತು. ಅತ್ತೆಯವರು ಸೌಟಾಡಿಸುತ್ತ, ಹೇಳು ಎಂದರು. ನಾನು ಕಣ್ಣು ಮುಚ್ಚಿ, ಓದಿದ್ದನ್ನೆಲ್ಲ ನೆನೆದು, ಮುಂಜಾನೆಯ ಹೊಂಬಿಸಿಲಿನಲ್ಲಿ ಮಿಂದ ಕಾಡಿನ ಎಲೆಗಳ ನಡುವೆ ಮೆಲ್ಲಗೆ ತೇಲಿಬರುವ ಎಂದು ಆರಂಭಿಸಿದೆ. ಎಂಥ ಎಲೆ ಎಂದು ತೀರ್ಮಾನಿಸಲು ಸ್ವಲ್ಪ ಹೊತ್ತು ಬೇಕಾಯಿತು. ಕಣ್ಣು ಬಿಡುವಷ್ಟರಲ್ಲಿ ಬಾಣಲೆಯ ತಳದಿಂದ ತೆಳುವಾದ ನೀಲಿ ಹೊಗೆ ಏಳುತ್ತಿತ್ತು. ಅತ್ತೆಯವರು ಒಂದು ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡು ನೋಡಿದರು. ಕಹಿಗೆ ಮೂಗು ಬೇಕಾಗಿರಲಿಲ್ಲ.

‘ನಿನ್ನ ವಾಕ್ಯ ಮುಗಿಯೋದ್ರೊಳಗೆ ಮೆಂತ್ಯ ಮುಗೀತು’ ಎಂದರು.

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು, ಸುಸ್ತಾಗಿ ಹೇಳಿದರು. ಒಲೆ ಆರಿಸಿ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಏಳಲಿಲ್ಲ. ಕಪ್ಪಾದ ಕಾಳನ್ನು ಕಾಗದದಲ್ಲಿ ಕಟ್ಟಿ ಎಸೆದು ಬಂದೆ; ಬೆರಳುಗಳಲ್ಲಿ ಆ ಕಮರು ಉಳಿಯಿತು.

ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಯೋಚಿಸಿದೆ. ನಾನು ಕಾಡಿನ ಎಲೆ ಎಂದೆನಲ್ಲ, ಆ ಕಾಡನ್ನು ನಾನೂ ನೋಡಿಲ್ಲ, ಅತ್ತೆಯವರೂ ನೋಡಿಲ್ಲ. ಅದನ್ನು ಮೆಂತ್ಯಕ್ಕಾಗಿ ಹೇಳಿರಲಿಲ್ಲ, ನನ್ನ ಮಾತು ಚೆಂದ ಕಾಣಲಿ ಎಂದು ಹೇಳಿದ್ದೆ. ಚಪ್ಪಲಿ ಹಾಕಿಕೊಳ್ಳಲು ತಡ ಮಾಡಿದವನ ನೆನಪಾಯಿತು. ಆ ಬರಹಗಾರರು ಒಗ್ಗರಣೆಯ ವಾಸನೆಯನ್ನು ನನಗೆ ಕೊಟ್ಟಿರಲೇ ಇಲ್ಲ. ನಾನೇ ನನ್ನ ತಾಯಿಯ ಅಡುಗೆಮನೆಯಿಂದ ತಂದು ಅಲ್ಲಿ ಇಟ್ಟುಕೊಂಡಿದ್ದೆ. ಅವರು ಮಾಡಿದ್ದು ಜಾಗ ಬಿಟ್ಟದ್ದು ಮಾತ್ರ. ಹಾಗಾದರೆ ಅತ್ತೆಯವರ ಮೂಗಿಗೆ ಬೇಕಾದ ಮಾತು ನನ್ನ ಪುಸ್ತಕಗಳಲ್ಲಿ ಹೇಗೆ ಸಿಗುತ್ತದೆ? ಅದು ಅವರಲ್ಲೇ ಇರಬೇಕು.

ಸಂಜೆ ಕಾಫಿ ಹಿಡಿದು ಅವರ ಮಂಚದ ಅಂಚಿನಲ್ಲಿ ಕುಳಿತೆ. ಸಮಾಧಾನ ಹೇಳಲು ಹೋಗಲಿಲ್ಲ. ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದೆ: ‘ಅತ್ತೆ, ನೀವು ಮೆಂತ್ಯ ಹುರೀವಾಗ ನಿಮಗೆ ಮೊದಲು ಏನು ವಾಸನೆ ಬರ್ತಿತ್ತು?’

ಅವರು ಗೋಡೆಯ ಕಡೆಗೇ ಮುಖವಿಟ್ಟುಕೊಂಡು, ಗೋಣಿಚೀಲ ಎಂದರು. ಎಂಥ ಗೋಣಿಚೀಲ ಎಂದು ಕೇಳಿದೆ. ಅಂಗಡಿಯ ಮುಂದೆ ಕಾಲು ಒರೆಸಲು ಹಾಕುತ್ತಿದ್ದರಲ್ಲ, ಅಂಥ ಅರೆ ಒದ್ದೆ ಗೋಣಿಚೀಲ. ಆಮೇಲೆ? ಆಮೇಲೆ ಅವರ ಅಜ್ಜಿಯ ಮರದ ಪೆಟ್ಟಿಗೆ. ವರ್ಷಕ್ಕೊಮ್ಮೆ ತೆರೆಯುತ್ತಿದ್ದದ್ದು, ಮುಚ್ಚಳ ಎತ್ತಿದ ಕೂಡಲೇ ಒಳಗಿನ ರೇಷ್ಮೆಗಿಂತ ಮೊದಲು ಬರುವ ವಾಸನೆ. ಅಲ್ಲಿಂದ ಮುಂದೆ ಬಿಟ್ಟರೆ ಬೀದಿ ಕೊನೆಯಲ್ಲಿ ಕಾಫಿ ಬೀಜ ಹುರಿಯುವ ಅಂಗಡಿ ಬಂದುಬಿಡುತ್ತದೆ. ಪೆಟ್ಟಿಗೆ ಮತ್ತು ಕಾಫಿ ಅಂಗಡಿಯ ನಡುವೆ ಇಳಿಸಬೇಕು. ಹೇಳುತ್ತ ಹೇಳುತ್ತ ಅವರು ಈ ಕಡೆ ಹೊರಳಿದ್ದರು. ಅಷ್ಟು ವರ್ಷ ಅದೇ ಒಲೆಯ ಮುಂದೆ ನಿಂತಿದ್ದ ನನಗೆ, ಅವರ ಬಾಣಲೆಯಲ್ಲಿ ಕಾಟನ್‌ಪೇಟೆಯ ಇಡೀ ಬೀದಿ ಹುರಿಯುತ್ತಿತ್ತೆಂಬುದು ಗೊತ್ತೇ ಇರಲಿಲ್ಲ. ಗೋಣಿಚೀಲ ನನಗೆ ತಿಳಿದ ವಾಸನೆ. ಆ ಪೆಟ್ಟಿಗೆ ಅತ್ತೆಯವರೊಡನೆ ತವರಿನಿಂದ ಬಂದು ನಮ್ಮ ಮಹಡಿಯ ಮೇಲೆಯೇ ಇತ್ತು. ಹೋಗಿ ಮುಚ್ಚಳ ಎತ್ತಿ ಮೂಗು ಹಾಕಿ ಬಂದೆ.

ಎರಡು ದಿನ ಬಿಟ್ಟು ಮತ್ತೆ ಬಾಣಲೆ ಇಟ್ಟೆವು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ.

‘ಗೋಣಿ’ ಎಂದೆ. ‘ಇನ್ನೂ ಗೋಣಿ. ಗೋಣಿ ಒಣಗ್ತಾ ಇದೆ.’

‘ಒಣಗಲಿ’ ಎಂದು ಅತ್ತೆಯವರು ಉರಿ ತಗ್ಗಿಸಿದರು.

‘ಪೆಟ್ಟಿಗೆ ಬಂತು. ಮುಚ್ಚಳ ಸ್ವಲ್ಪ ಎತ್ತಿದೆ.’

‘ಪೂರ್ತಿ ಎತ್ತಲಿ, ತಾಳು.’

‘ಎತ್ತಿತು. ಇಳಿಸಿ.’

ಕಾಳು ತಟ್ಟೆಗೆ ಬಿದ್ದು ಸದ್ದು ಮಾಡಿತು. ಅವರು ಒಂದನ್ನು ಕಚ್ಚಿ ನೋಡಿ ಜೀರಿಗೆಗೆ ಕೈ ಹಾಕಿದರು. ಅದೇ ಒಪ್ಪಿಗೆ ಎಂದು ತಿಳಿದೆ. ಜೀರಿಗೆಗೆ ನಮ್ಮಲ್ಲಿ ಒಪ್ಪಂದದ ಮಾತು ಇರಲಿಲ್ಲ. ನನಗೆ ಥಟ್ಟನೆ ಹೊಳೆದದ್ದನ್ನು ಹೇಳಿದೆ: ನೀರು ಚಿಮುಕಿಸಿದ ಹತ್ತಿ ಸೀರೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ‘ಜೀರಿಗೆ ಎಲ್ಲಿ, ಇಸ್ತ್ರಿ ಎಲ್ಲಿ, ಬಿಡೇ’ ಎಂದು ರೇಗಿದರು. ಆದರೆ ಸೌಟು ನಿಂತಿತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ದೂರದ ಸದ್ದು ಕೇಳುವವರಂತೆ ನಿಂತರು. ‘ಹೂಂ. ಹೌದಲ್ಲ’ ಎಂದು, ನಾನು ಹೇಳುವ ಮೊದಲೇ ಬಾಣಲೆಯನ್ನು ಇಳಿಸಿದರು. ಅವರ ಮೂಗಿಗೆ ಏನೂ ತಿಳಿದಿರಲಿಲ್ಲ, ಅದನ್ನು ಅವರೇ ಆಮೇಲೆ ಹೇಳಿದರು. ಆ ಸೀರೆಯ ಶಾಖ ಮಾತ್ರ ಕೆನ್ನೆಗೆ ತಾಕಿತಂತೆ.

ಮೆಣಸಿನಕಾಯಿಯ ಸರದಿ ಬಂದಾಗ ಇಬ್ಬರೂ ಒಟ್ಟಿಗೆ ಕೆಮ್ಮಿದೆವು. ‘ಇದಕ್ಕೆ ನಿನ್ನ ವರ್ಣನೆ ಬೇಡ’ ಎಂದು ಅತ್ತೆಯವರು ಕಣ್ಣೊರೆಸಿಕೊಂಡು ನಕ್ಕರು.

ಹುರಿದ ಸಾಮಾನು ಮಿಲ್ಲಿಗೆ ಹೋಗಿ ಪುಡಿಯಾಗಿ ಬಂತು. ಆ ಭಾನುವಾರ ಚಿಕ್ಕತ್ತೆಯವರನ್ನು ಊಟಕ್ಕೆ ಕರೆಸಿ, ಅತ್ತೆಯವರು ತಾವೇ ನಿಂತು ಸಾರು ಮಾಡಿದರು. ಒಗ್ಗರಣೆ ಹಾಕುವಾಗಲೂ ನನ್ನ ಮುಖ ನೋಡುತ್ತಿದ್ದರು. ಚಿಕ್ಕತ್ತೆಯವರು ಮೊದಲ ತುತ್ತು ತಿಂದು ಬಾಯಿ ತೆರೆಯುವ ಮೊದಲೇ ಅತ್ತೆಯವರು ತಡೆದರು.

‘ನೋಡು, ನನ್ನ ಮನಸ್ಸಿನ ಸಮಾಧಾನಕ್ಕೆ ಅಂತ ಏನೂ ಹೇಳಬೇಡ. ಬಾಯಲ್ಲಿ ಏನಾಗ್ತಿದೆ, ಅಷ್ಟು ಹೇಳು.’

ಚಿಕ್ಕತ್ತೆಯವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಇನ್ನೊಂದು ತುತ್ತು ತಿಂದು, ನಿಧಾನವಾಗಿ, ‘ಧನಿಯ ಒಂದು ಚೂರು ಮುಂದೆ ಬಂದು ಕೂತಿದೆ, ಅಕ್ಕ. ಮೆಣಸು ಹಿಂದಿನಿಂದ ಬಂದು ಗಂಟಲಲ್ಲಿ ಕೈ ಇಡ್ತಿದೆ. ಮೆಂತ್ಯ...’ ಎಂದು ನಿಲ್ಲಿಸಿದರು. ‘ಮೆಂತ್ಯ ನಮ್ಮ ಅಜ್ಜಿ ಕೋಣೆ.’

ಅತ್ತೆಯವರು ಮೊಸರಿನ ಪಾತ್ರೆಯನ್ನು ಆಚೆ ಸರಿಸಿ, ಅನ್ನದ ನಡುವೆ ಗುಳಿ ಮಾಡಿ, ಸಾರು ಹಾಕೆಂದು ನನಗೆ ಕೈ ಸನ್ನೆ ಮಾಡಿದರು. ಉಂಡರು. ಉಣ್ಣುತ್ತ, ಆ ಕೋಣೆಯ ಕಿಟಕಿ ಯಾವ ಕಡೆಗಿತ್ತು ಎಂದು ತಂಗಿಯೊಡನೆ ವಾದಕ್ಕಿಳಿದರು. ವಾದ ಮುಗಿಯುವ ಮೊದಲು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಅವರ ಮೂಗು ಈವರೆಗೆ ಮರಳಿರುವುದಿಲ್ಲ. ವೈದ್ಯರು ಇನ್ನೂ ಕಾಯಿರಿ ಎನ್ನುತ್ತಾರೆ. ಆದರೆ ಊಟದ ಹೊತ್ತಿಗೆ ಅವರು ತಾವಾಗಿಯೇ ಬಂದು ಕುಳಿತು, ‘ಹೂಂ, ಹೇಳು’ ಎನ್ನುತ್ತಾರೆ. ನಾನು ಹೇಳಿದ್ದು ಸರಿಯಿಲ್ಲದಿದ್ದರೆ ತಿದ್ದುತ್ತಾರೆ, ತಿದ್ದಲಿಕ್ಕೆಂದೇ ಇನ್ನೊಂದು ತುತ್ತು ತಿನ್ನುತ್ತಾರೆ. ಬೇಕೆಂದೇ ಕೆಲವೊಮ್ಮೆ ತಪ್ಪು ಹೇಳುತ್ತೇನೆಯೇ ಎಂಬ ಪ್ರಶ್ನೆಗೆ ಈ ಬರಹದಲ್ಲಿ ಉತ್ತರಿಸಲು ಬಯಸುವುದಿಲ್ಲ, ಏಕೆಂದರೆ ಅತ್ತೆಯವರಿಗೆ ಇದನ್ನು ನಾಳೆ ಓದಿ ಹೇಳಬೇಕಾಗಿದೆ.

ಒಂದು ವಿಷಯ ಮಾತ್ರ ಇತ್ಯರ್ಥವಾಗದೆ ಉಳಿದಿದೆ. ಎಣ್ಣೆಯಿಲ್ಲದೆ ಹುರಿದ ಕರಿಬೇವಿನ ವಾಸನೆಗೆ ತಕ್ಕ ಮಾತು ನನಗಿನ್ನೂ ಸಿಕ್ಕಿಲ್ಲ. ಹೊಸ ಪಂಚಾಂಗದ ಹಾಳೆ ಎಂದೆ, ಅವರು ಒಪ್ಪಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣದ ಗೇಟು ಎಂದೆ, ಹತ್ತಿರ ಬಂದೆ ಎಂದರು, ಅಷ್ಟೆ. ಆದಕಾರಣ ಓದುಗರಲ್ಲಿ ವಿನಯಪೂರ್ವಕವಾಗಿ ಕೋರುವುದೇನೆಂದರೆ, ಈ ಬರಹದಲ್ಲಿ ಅಕ್ಷರದ, ಒತ್ತಿನ, ವಾಕ್ಯದ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ ಓದಿಕೊಳ್ಳುವುದು. ಕರಿಬೇವಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪೆಂದು ತೋರಿದಲ್ಲಿ, ನಾಲ್ಕು ಎಲೆ ಹುರಿದು ನೋಡಿ, ಸರಿಯಾದುದನ್ನು ತಿಳಿಸುವುದು.